ಗೂಬೆ ಕಣ್ಣು ಕಳೆದರೂ ಕ್ಯಾಮೆರಾ ಬಿಡದ ಎರಿಕ್ ಹಾಸ್ಕಿಂಗ್

ಈಗ ಹಕ್ಕಿ ಫೋಟೊ ತೆಗೆಯೋರ ಹೆಗಲ ಮೇಲೆ ಮೊಳದುದ್ದದ ಲೆನ್ಸ್ ಇರುತ್ತೆ. ಒಂದು ಸಲ ಬಟನ್ ಒತ್ತಿದರೆ ಹತ್ತಾರು ಫೋಟೊ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಈ ಕೆಲಸ ಶುರು ಮಾಡಿದ ಎರಿಕ್ ಹಾಸ್ಕಿಂಗ್ ಅವರಿಗೆ ಇದ್ಯಾವುದೂ ಇರಲಿಲ್ಲ. ಇದ್ದದ್ದು ಮರದ ಚೌಕಟ್ಟಿನ ಕ್ಯಾಮೆರಾ, ಗಾಜಿನ ಪ್ಲೇಟು ಮತ್ತು ಗಂಟೆಗಟ್ಟಲೆ ಕೂರುವ ತಾಳ್ಮೆ.

1909ರ ಅಕ್ಟೋಬರ್ 2ರಂದು ಲಂಡನ್ನಿನಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಕೈಗೆ ಬಂದ ಬಾಕ್ಸ್ ಕ್ಯಾಮೆರಾದಲ್ಲಿ ಹಕ್ಕಿಗೂಡು ತೆಗೆಯಲು ಹೋದರು. ಫೋಟೊ ಸರಿಯಾಗಿ ಬರಲಿಲ್ಲ, ಹುಚ್ಚು ಮಾತ್ರ ಹತ್ತಿತು. ಓದು ಬೇಗ ಮುಗೀತು. ಇಪ್ಪತ್ತರ ಹೊತ್ತಿಗೆ ಇದ್ದ ನೌಕರಿಯೂ ಹೋಯ್ತು. ಆಗ ಫೋಟೊಗ್ರಫಿಯನ್ನೇ ಹೊಟ್ಟೆಪಾಡು ಮಾಡಿಕೊಂಡರು. ಹಕ್ಕಿ ಫೋಟೊಕ್ಕೆ ಯಾರು ದುಡ್ಡು ಕೊಡ್ತಾರೆ? ವ್ಯಾಪಾರ ಬಲ್ಲವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತೆ. ಪತ್ರಿಕೆಗಳಿಗೆ ಫೋಟೊ ಮಾರಿದರು, ಊರೂರಲ್ಲಿ ಚಿತ್ರ ತೋರಿಸಿ ಭಾಷಣ ಮಾಡಿದರು.

ಅವರ ಕೆಲಸದ ರೀತಿ ಕೇಳಿ. ದೂರದಿಂದ ಎಳೆದು ತೋರಿಸುವ ಒಳ್ಳೆ ಲೆನ್ಸ್ ಇಲ್ಲದ ಕಾಲ, ಹಾಗಾಗಿ ಹಕ್ಕಿಯ ಹತ್ತಿರಕ್ಕೇ ಹೋಗಬೇಕು. ಅದಕ್ಕೆ ಹೈಡ್ ಅಂತ ಒಂದು ಪುಟ್ಟ ಬಟ್ಟೆ ಗುಡಾರ. ಮೊದಲು ದೂರದಲ್ಲಿ ನಿಲ್ಲಿಸೋದು. ಹಕ್ಕಿ ಹೆದರಲಿಲ್ಲ ಅಂದ್ರೆ ಮರುದಿನ ಸ್ವಲ್ಪ ಮುಂದಕ್ಕೆ. ಹೀಗೆ ದಿನಗಟ್ಟಲೆ ಸರಿಸುತ್ತಾ ಗೂಡಿನ ಹತ್ತಿರ ತರೋದು. ಇನ್ನೊಂದು ಉಪಾಯವೂ ಇತ್ತು. ಹೈಡಿನೊಳಗೆ ಇಬ್ಬರು ಹೋಗಿ ಒಬ್ಬರು ವಾಪಸ್ ಬರೋದು. ಹಕ್ಕಿಗೆ ಲೆಕ್ಕ ಬರಲ್ಲ, ಒಳಗೆ ಯಾರೂ ಇಲ್ಲ ಅಂದ್ಕೊಂಡು ಗೂಡಿಗೆ ಮರಳುತ್ತೆ. ಆಮೇಲೆ ಒಳಗಿದ್ದವರು ಕೆಮ್ಮದೆ, ಕಾಲು ಮರಗಟ್ಟಿದರೂ ಅಲುಗಾಡದೆ ಕೂರಬೇಕು. ಒಂದು ಪ್ಲೇಟಿಗೆ ಒಂದೇ ಫೋಟೊ. ತಪ್ಪಿದರೆ ಕಾದದ್ದೆಲ್ಲ ದಂಡ.

1937ರ ಮೇ ತಿಂಗಳು. ವೇಲ್ಸ್ ಸೀಮೆಯ ಡೋಲ್ಡೌಲಾಡ್ ಎಂಬಲ್ಲಿ ಕಂದು ಬಣ್ಣದ ಕಾಡುಗೂಬೆಯ ಗೂಡಿನ ಎದುರು ಎತ್ತರದಲ್ಲಿ ಹೈಡ್ ಕಟ್ಟಿದ್ದರು. ರಾತ್ರಿ ಅದಕ್ಕೆ ಹತ್ತುವಾಗ ಮರಿ ಕಾಯುತ್ತಿದ್ದ ಗೂಬೆ ಎರಗಿತು. ಗೂಬೆಯ ರೆಕ್ಕೆ ಸದ್ದು ಮಾಡಲ್ಲ, ಹಾಗಾಗಿ ತಪ್ಪಿಸಿಕೊಳ್ಳಲು ಕ್ಷಣವೂ ಸಿಗಲಿಲ್ಲ. ಉಗುರು ನೇರ ಎಡಗಣ್ಣಿಗೆ ಇಳಿಯಿತು.

ಲಂಡನ್ನಿನ ಕಣ್ಣಾಸ್ಪತ್ರೆಗೆ ಸೇರಿಸಿದರು. ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬಂದಿರಲಿಲ್ಲ. ಗಾಯಕ್ಕೆ ಸೋಂಕು ತಗುಲಿತು. ಎಡಗಣ್ಣು ತೆಗೆಸಬೇಕು, ಇಲ್ಲದಿದ್ದರೆ ಬಲಗಣ್ಣೂ ಹೋಗಬಹುದು ಅನ್ನೋ ಪರಿಸ್ಥಿತಿ. ಆಗ ಅವರಿಗೆ 27 ವರ್ಷ, ಕಣ್ಣೇ ಬಂಡವಾಳವಾದ ಕಸುಬು. ಕಣ್ಣು ತೆಗೆಸಿಕೊಂಡರು. ಅಷ್ಟಕ್ಕೇ ಕಸುಬು ಬಿಟ್ಟಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಮತ್ತೆ ಹೈಡಿನೊಳಗೆ ಕೂತರು, ಅದೂ ಗೂಬೆಗಳ ಮುಂದೆಯೇ. ನಮ್ಮಲ್ಲಿ ಗೂಬೆ ಕೂಗಿದರೇ ಅಪಶಕುನ ಅಂತೀವಿ. ಕಣ್ಣು ಕಳೆದ ಹಕ್ಕಿಯ ಮೇಲೆ ಈ ಮನುಷ್ಯನಿಗೆ ಸಿಟ್ಟೇ ಬರಲಿಲ್ಲ, ಗೂಬೆಗಳು ಕೊನೆವರೆಗೂ ಅವರ ಮೆಚ್ಚಿನ ಹಕ್ಕಿಗಳಾಗಿ ಉಳಿದವು.

ಸುದ್ದಿ ಪತ್ರಿಕೆಗಳಲ್ಲಿ ಬಂದು ಹೆಸರು ಮನೆಮಾತಾಯಿತು, ಫೋಟೊಗಳಿಗೆ ಬೇಡಿಕೆಯೂ ಏರಿತು. ಆದರೆ ಹೆಸರು ಉಳಿದದ್ದು ಆ ಅವಘಡದಿಂದ ಅಲ್ಲ, ಕೆಲಸದಿಂದ. ಮಿಂಚಿನ ವೇಗದ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಹಕ್ಕಿ ಫೋಟೊಕ್ಕೆ ಮೊದಮೊದಲು ಬಳಸಿದವರಲ್ಲಿ ಅವರೂ ಒಬ್ಬರು. ಅದರಿಂದ ಕತ್ತಲಲ್ಲಿ ಹಾರುವ ಗೂಬೆಯ ಒಂದೊಂದು ಗರಿಯೂ ಅಲುಗದೆ ಮೂಡುವಂತಾಯಿತು. 1948ರಲ್ಲಿ ತೆಗೆದ ಕಣಜ ಗೂಬೆಯ ಫೋಟೊ ಇವತ್ತಿಗೂ ಪ್ರಸಿದ್ಧ. ಕೊಕ್ಕಿನಲ್ಲಿ ಇಲಿ ಕಚ್ಚಿ, ರೆಕ್ಕೆ ಎರಡೂ ಮೇಲೆತ್ತಿ, ಹಳೇ ರಾಜಲಾಂಛನದಲ್ಲಿ ಬರೆದ ಹಾಗೆ ನಿಂತಿದೆ.

ಆಮೇಲೆ ಸ್ಪೇನ್, ಬಲ್ಗೇರಿಯಾ, ಜೋರ್ಡಾನ್ ಸುತ್ತಿದರು. ಸಣ್ಣ ಫಿಲ್ಮ್ ಕ್ಯಾಮೆರಾ, ಉದ್ದ ಲೆನ್ಸ್ ಬಂದಾಗ ಅದನ್ನೂ ಕಲಿತರು. 1970ರಲ್ಲಿ ಬಂದ ಆತ್ಮಕಥೆಗೆ 'ಆ್ಯನ್ ಐ ಫಾರ್ ಎ ಬರ್ಡ್' ಅಂತ ಹೆಸರಿಟ್ಟರು. ಹಕ್ಕಿ ನೋಡುವ ಕಣ್ಣು ಅಂತಲೂ ಆಗುತ್ತೆ, ಹಕ್ಕಿಗೆ ಕೊಟ್ಟ ಕಣ್ಣು ಅಂತಲೂ ಆಗುತ್ತೆ. 1977ರಲ್ಲಿ ಬ್ರಿಟಿಷ್ ಸರ್ಕಾರದ ಓಬಿಇ ಗೌರವ ಬಂತು.

1991ರ ಫೆಬ್ರವರಿ 22ರಂದು ತೀರಿಕೊಂಡಾಗ ಅವರಿಗೆ 81 ವರ್ಷ. ಅವರ ಫೋಟೊ ಸಂಗ್ರಹವನ್ನು ಮಗ ಡೇವಿಡ್ ನೋಡಿಕೊಂಡರು. ಅವರದೂ ಅಪ್ಪನದೇ ಕಸುಬು.