ಉಪಗ್ರಹ ಇಲ್ಲದ ಕಾಲದಲ್ಲೇ ನಕ್ಷೆಯ ತಪ್ಪು ಹಿಡಿದ ಲ್ಯಾಂಬ್ಟನ್: ನಿಮ್ಮ ಮ್ಯಾಪ್ ಫಾರ್ವರ್ಡ್‌ಗೂ ಇದೆ ಇದರ ಪಾಠ

ಉಪಗ್ರಹ ಬಂದ ಮೇಲಷ್ಟೇ ನಿಖರ ನಕ್ಷೆ ಸಾಧ್ಯವಾಯಿತು ಎಂದು ಅನೇಕರು ನಂಬಿದ್ದಾರೆ. ಆದರೆ 200 ವರ್ಷಗಳ ಹಿಂದೆಯೇ ನಮ್ಮ ಬೆಂಗಳೂರಿನ ಬಯಲಿನಲ್ಲಿ ಒಬ್ಬರು ಭೂಮಿ ಅಳೆಯಲು ನಿಂತಿದ್ದರು. ಅವರೇ ವಿಲಿಯಂ ಲ್ಯಾಂಬ್ಟನ್.

ಯಾರು ಇವರು?

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಡ ಕುಟುಂಬದಲ್ಲಿ ಹುಟ್ಟಿದ ಲ್ಯಾಂಬ್ಟನ್ ಗಣಿತ ಬಲ್ಲ ಸೈನಿಕ. 1799ರ ಶ್ರೀರಂಗಪಟ್ಟಣದ ಯುದ್ಧದ ವೇಳೆ, ರಾತ್ರಿ ನಡೆಯುತ್ತಿದ್ದ ತಮ್ಮ ಪಡೆ ದಿಕ್ಕು ತಪ್ಪಿ ಶತ್ರುಗಳತ್ತಲೇ ಹೋಗುತ್ತಿದೆ ಎಂದು ನಕ್ಷತ್ರ ನೋಡಿ ಎಚ್ಚರಿಸಿದರು. ದಿಕ್ಸೂಚಿ ನೋಡಿದಾಗ ಅವರ ಮಾತೇ ಸರಿಯಾಗಿತ್ತು.

ಅಳೆದದ್ದು ಹೇಗೆ?

1800ರಲ್ಲಿ ಬೆಂಗಳೂರಿನ ಬಳಿ 100 ಅಡಿಯ ಉಕ್ಕಿನ ಸರಪಳಿಯಿಂದ ಸುಮಾರು 12 ಕಿ.ಮೀ. ಉದ್ದದ ನೇರ ಗೆರೆ ಅಳೆದರು. ತ್ರಿಕೋನದ ಒಂದು ಬದಿ ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದ ಬದಿಗಳನ್ನು ಲೆಕ್ಕ ಹಾಕಬಹುದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಸರಣಿ ಹೆಣೆದರು. 1802ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಮಹಾ ಸರ್ವೇಕ್ಷಣೆಯ ತ್ರಿಕೋನಗಳು ಮಂಗಳೂರಿನ ಕರಾವಳಿ ಮುಟ್ಟಿದಾಗ, ಹಳೆಯ ನಕ್ಷೆಗಳು ದಕ್ಷಿಣ ಭಾರತವನ್ನು ಸುಮಾರು 40 ಮೈಲಿ ಹೆಚ್ಚು ಅಗಲ ತೋರಿಸಿದ್ದು ಬಯಲಾಯಿತು.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಥಿಯೋಡೊಲೈಟ್ ಬಡಿದು ಹಾಳಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ತಾವೇ ರಿಪೇರಿ ಮಾಡಿದರು. 1823ರ ಜನವರಿಯಲ್ಲಿ, ಇನ್ನೂ ಕೆಲಸದಲ್ಲಿರುವಾಗಲೇ, ಈಗಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಕೆಲಸ ಮುಂದುವರಿಸಿದವರು ಜಾರ್ಜ್ ಎವರೆಸ್ಟ್.

ಇಂದು ನಮಗೇನು ಪಾಠ?

ಈಗ ಪೈಥಾನ್‌ನ ಫೋಲಿಯಂನಲ್ಲಿ ಕೆಲವೇ ಸಾಲು ಕೋಡ್ ಬರೆದರೆ, ಬೆರಳಿನಿಂದ ಹಿಗ್ಗಿಸಿ ನೋಡಬಹುದಾದ ನಕ್ಷೆ ಎಚ್‌ಟಿಎಂಎಲ್ ಫೈಲ್ ಆಗಿ ಸಿಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಬ್ರೌಸರ್‌ನಲ್ಲಿ ತೆರೆಯಬಹುದು. ಹಿನ್ನೆಲೆ ನಕ್ಷೆ ಕಾಣಲು ಇಂಟರ್ನೆಟ್ ಬೇಕು.

ಆದರೆ ಒಂದು ಎಚ್ಚರಿಕೆ. ಫೋಲಿಯಂ ಮೊದಲು ಅಕ್ಷಾಂಶ ಕೇಳುತ್ತದೆ. ಮಾಹಿತಿ ಹಂಚುವ ಜಿಯೋಜೇಸನ್ ಫೈಲಿನಲ್ಲಿ ಮೊದಲು ಬರುವುದು ರೇಖಾಂಶ. ಕವಿ ರನ್ನನ ಊರು ರನ್ನ ಬೆಳಗಲಿ ಇರುವುದು ಸುಮಾರು 16 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದಲ್ಲಿ. ಎರಡನ್ನೂ ಅದಲು ಬದಲು ಮಾಡಿದರೆ ಊರು ನಾರ್ವೆಯಾಚೆಯ ಹಿಮಸಾಗರದಲ್ಲಿ ಬೀಳುತ್ತದೆ! ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಕಾಣುತ್ತದೆ. ಒಂದೆರಡು ಕಿಲೋಮೀಟರಿನ ತಪ್ಪು ಕಾಣುವುದಿಲ್ಲ. ಘಟಪ್ರಭೆ ಉಕ್ಕಿದಾಗ ಮುಧೋಳದ ಕಡೆ ಯಾವ ರಸ್ತೆ ಮುಳುಗಿದೆ, ಕಾಳಜಿ ಕೇಂದ್ರ ಎಲ್ಲಿದೆ ಎಂದು ತೋರಿಸುವ ನಕ್ಷೆಯಲ್ಲಿ ಅಂಥ ತಪ್ಪಿದ್ದರೆ ಜನ ನೀರಿನತ್ತಲೇ ಹೋದಾರು.

ಹಾಗಾಗಿ ಮ್ಯಾಪ್ ಬಂದರೆ ಮೂರು ವಿಷಯ ನೋಡಿ: ಮಾಡಿದವರು ಯಾರು, ಯಾವ ದಿನಾಂಕದ್ದು, ನಿಮಗೆ ಗೊತ್ತಿರುವ ಒಂದು ಜಾಗ ಅದರಲ್ಲಿ ಸರಿಯಾದ ಕಡೆ ಇದೆಯೇ. ಲ್ಯಾಂಬ್ಟನ್ ಕೂಡ ಒಮ್ಮೆ ಅಳೆದು ನಂಬುತ್ತಿರಲಿಲ್ಲ. ಮತ್ತೊಂದು ಗೆರೆ ಅಳೆದು ಲೆಕ್ಕ ತಾಳೆ ನೋಡುತ್ತಿದ್ದರು. ನೀವೂ ತಾಳೆ ನೋಡಿ, ಆಮೇಲೆ ಫಾರ್ವರ್ಡ್ ಮಾಡಿ.