ರಾಬರ್ಟ್ ಬ್ರೂಸ್ ಫೂಟ್ (1834–1912)

ಬೆಳಗಾವಿ ಸೀಮೆಯ ನೆಲದಡಿಯ ಶಿಲಾಪದರಗಳನ್ನು ಕ್ರಮಬದ್ಧವಾಗಿ ಸಮೀಕ್ಷಿಸಿ ದಾಖಲಿಸಿದ ಹಿರಿಯ ಭೂವಿಜ್ಞಾನಿಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಪ್ರಮುಖರು. ಭಾರತದ ಪ್ರಾಗಿತಿಹಾಸ ಅಧ್ಯಯನದ ಪಿತಾಮಹರೆಂದೂ ಇವರು ಖ್ಯಾತರಾಗಿದ್ದಾರೆ.

ಜನನ ಮತ್ತು ಸೇವೆ

ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೊಡಲಿಯನ್ನು ಪತ್ತೆಹಚ್ಚಿದರು. 1891ರಲ್ಲಿ ನಿವೃತ್ತರಾದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಪ್ರಥಮ ಮುಖ್ಯಸ್ಥರಾದರು.

ಬೆಳಗಾವಿ ಸೀಮೆಯ ಸಮೀಕ್ಷೆ

ದಕ್ಷಿಣ ಮರಾಠಾ ಪ್ರಾಂತ್ಯವೆಂದು ಕರೆಯಲಾಗುತ್ತಿದ್ದ ಈ ಭಾಗವನ್ನು ಕುರಿತ ಇವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಶಿಲೆಗಳ ಮೇಲು-ಕೆಳಗಿನ ಕ್ರಮವೇ ಇದರ ಜೀವಾಳ. ಅತ್ಯಂತ ಕೆಳಗೆ ಒತ್ತಡದಿಂದ ಮಡಿಕೆಬಿದ್ದು ರೂಪಾಂತರಗೊಂಡ ಪುರಾತನ ಶಿಲೆಗಳಿವೆ. ಇಂತಹ ಪದರಶಿಲೆಗಳಿಗೆ ಇವರು ಮುಂದೆ 1880ರ ದಶಕದಲ್ಲಿ ಧಾರವಾಡದ ಹೆಸರನ್ನಿತ್ತರು. ಅವುಗಳ ಮೇಲೆ ಕಲಾದಗಿ ಶ್ರೇಣಿಯ ಮರಳುಗಲ್ಲು ಮತ್ತು ಸುಣ್ಣಕಲ್ಲುಗಳಿವೆ. ಗೋಕಾಕ ಜಲಪಾತವು ಧುಮುಕುವುದು ಈ ಬಂಡೆಯಿಂದಲೇ. ಇವೆಲ್ಲವುಗಳ ಮೇಲೆ ಜ್ವಾಲಾಮುಖಿಯ ಶಿಲಾರಸವು ಹರಿದು ಗಟ್ಟಿಯಾದ ಕಪ್ಪುಕಲ್ಲಿನ ಹಾಸುಗಳು ಬಹುತೇಕ ಸಮತಲವಾಗಿ ಹರಡಿವೆ.

ವಡಗಾವಿಯೂ ಸೇರಿದಂತೆ ಬೆಳಗಾವಿ ನಗರವು ನಿಂತಿರುವುದು ಈ ಕಪ್ಪುಕಲ್ಲು ಹಾಗೂ ಅದು ಶಿಥಿಲಗೊಂಡು ಉಂಟಾದ ಜಂಬಿಟ್ಟಿಗೆಯ ಮೇಲೆ. ದಕ್ಷಿಣಕ್ಕೆ ಖಾನಾಪುರದ ಕಡೆ ಸಾಗಿದಂತೆ ಕೆಳಗಿನ ಪುರಾತನ ಶಿಲೆಗಳು ಹೊರಗೆ ಕಾಣಿಸುತ್ತವೆ. ಗೋಕಾಕ ಸಮೀಪ ದೊರೆತ, ಅಳಿದುಹೋದ ಖಡ್ಗಮೃಗದ ಪಳೆಯುಳಿಕೆಯನ್ನೂ ಫೂಟ್ ಅವರು 1874ರಲ್ಲಿ ವಿವರಿಸಿದರು.

ನಂತರ ತಿಳಿದ ವಿಷಯಗಳು

ಫೂಟ್ ಅವರು ಯಾವ ಶಿಲೆ ಹಿರಿದು, ಯಾವುದು ಕಿರಿದು ಎಂದು ನಿರ್ಧರಿಸಬಲ್ಲವರಾಗಿದ್ದರು. ವರ್ಷಗಳ ಲೆಕ್ಕ ಹೇಳುವ ವಿಧಾನ ಆಗ ಇರಲಿಲ್ಲ. ಕಪ್ಪುಕಲ್ಲಿಗೆ ಸುಮಾರು 6.6 ಕೋಟಿ ವರ್ಷ, ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಭೂಫಲಕಗಳು ಚಲಿಸುತ್ತವೆ ಎಂಬ ತತ್ತ್ವವೂ ಅನಂತರದ್ದೇ.

ಈ ಜ್ವಾಲಾಮುಖಿ ಎಂದೋ ಆರಿದೆ. ಆದರೆ ಭಾರತ ಫಲಕವು ಉತ್ತರಕ್ಕೆ ಒತ್ತುತ್ತಿರುವುದರಿಂದ ಶಿಲೆಗಳಲ್ಲಿ ಬಿಗಿತ ಸಂಗ್ರಹವಾಗುತ್ತದೆ. ಹಳೆಯ ಬಿರುಕುಗಳು ಜರುಗಿದಾಗ ಅದು ಭೂಕಂಪವಾಗಿ ಹೊರಬೀಳುತ್ತದೆ. ಕಪ್ಪುಕಲ್ಲಿನ ಪ್ರದೇಶ ನಿಶ್ಚಲವೆಂಬ ನಂಬಿಕೆಯನ್ನು 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಅಲುಗಾಡಿಸಿತು. 1993ರ ಸೆಪ್ಟೆಂಬರ್ 30ರಂದು ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಸುಮಾರು 10,000 ಜನರು ಮೃತಪಟ್ಟರು. ಅಲ್ಲಿ ಹೆಚ್ಚಿನ ಪ್ರಾಣಹಾನಿಗೆ ಕಾರಣವಾದುದು ಮಣ್ಣಿನ ಗಾರೆಯಲ್ಲಿ ಕಟ್ಟಿದ ಭಾರವಾದ ಕಲ್ಲಿನ ಗೋಡೆಗಳು ಹಾಗೂ ಮಾಳಿಗೆಗಳ ಕುಸಿತ. ಆದುದರಿಂದ ಮನೆ ಕಟ್ಟುವಾಗ ಗೋಡೆಯ ಎರಡೂ ಪದರಗಳನ್ನು ಬಂಧಿಸುವ ಉದ್ದಗಲ್ಲುಗಳನ್ನೂ, ಬಾಗಿಲ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿಯನ್ನೂ ಅಳವಡಿಸುವುದು ಅವಶ್ಯಕ.

ಕೊನೆಯ ದಿನಗಳು

ಫೂಟ್ ಅವರು ತಾವು ಸಂಗ್ರಹಿಸಿದ ಪ್ರಾಚೀನ ವಸ್ತುಗಳನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ನೆಲದ ಪೂರ್ವವೃತ್ತಾಂತವನ್ನು ಅರಿತು ಅದರ ಮೇಲೆ ಎಚ್ಚರದಿಂದ ಬದುಕು ಕಟ್ಟಿಕೊಳ್ಳಲು ಅವರ ಸಮೀಕ್ಷೆಯು ತಳಹದಿಯಾಗಿದೆ.