ಪಂಡಿತಾ ರಮಾಬಾಯಿಯವರು ಸ್ವದೇಶಕ್ಕೆ ಹಿಂದಿರುಗಿದ್ದು

ಚನ್ನಗಿರಿ ಸೀಮೆಯ ಗದ್ದೆಗಳಿಗೆ ಕಾಲುವೆಯ ಮೂಲಕ ಬರುವ ಭದ್ರೆಯ ನೀರು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತದೆಂಬುದನ್ನು ಬಸವಾಪಟ್ಟಣದವರು ಬಲ್ಲರು. ಅದೇ ಗಂಗಾಮೂಲದ ಕಾಡಿನಲ್ಲಿ 1858ನೇ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ತಂದೆಯಾದ ಅನಂತಶಾಸ್ತ್ರಿಗಳು ಜನರ ನಿಂದೆಯನ್ನು ಲಕ್ಷಿಸದೆ ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿಯು ಮಗಳಿಗೆ ಕಲಿಸಿದಳು.

ಕುಟುಂಬವು ಪುರಾಣಗಳನ್ನು ಓದುತ್ತಾ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸುತ್ತಿರಲು ಬರಗಾಲವು ಬಂತು. ಕಾಡಿನ ಎಲೆಗಳನ್ನು ತಿಂದು ದಿನ ಕಳೆಯಬೇಕಾಯಿತು. 1874ರಲ್ಲಿ ತಂದೆತಾಯಿಗಳೂ, ತರುವಾಯ ಅಕ್ಕನೂ ತೀರಿಹೋದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯವರ ಪಾಂಡಿತ್ಯವನ್ನು ಮೆಚ್ಚಿ ಬಿರುದುಗಳನ್ನಿತ್ತರು. ಆದರೆ 1880ರಲ್ಲಿ ಅಣ್ಣನೂ, 1882ರಲ್ಲಿ ಗಂಡನೂ ಸತ್ತರು. ಕೈಯಲ್ಲಿ ಉಳಿದದ್ದು ಮನೋರಮಾ ಎಂಬ ಕೂಸು ಮಾತ್ರ.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಊರಿನ ಸನ್ಯಾಸಿನಿಯರ ಬಳಿಯಲ್ಲಿ ನಿಂತು, ಅದೇ ವರುಷ ದೀಕ್ಷಾಸ್ನಾನವನ್ನು ಹೊಂದಿದರು. ಆ ಸಹೋದರಿಯರು ಅವರನ್ನು ಲಂಡನಿನ ಫುಲ್ಹಮ್‌ನಲ್ಲಿದ್ದ ತಮ್ಮ ಆಶ್ರಯಗೃಹಕ್ಕೆ ಕಳುಹಿಸಿದರು. ಲೋಕವು ತಳ್ಳಿಬಿಟ್ಟ ಹೆಂಗಸರನ್ನು ಅಲ್ಲಿ ಛೀಗುಟ್ಟದೆ ಪ್ರೀತಿಯಿಂದ ಎತ್ತುತ್ತಿದ್ದುದನ್ನು ಕಂಡು ರಮಾಬಾಯಿಯವರ ಮನಸ್ಸು ಕರಗಿತು. 1886ರಲ್ಲಿ ಅಮೇರಿಕಾ ದೇಶಕ್ಕೆ ಹೋದ ಮೇಲೆ, ಚಿಕ್ಕ ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ತಾವೇ ವಿದ್ಯಾರ್ಥಿನಿಯಾಗಿ ಅಭ್ಯಾಸಮಾಡಿದರು.

ಹೀಗೆ ಕಂಡು ಕಲಿತದ್ದನ್ನು ಹೊತ್ತು 1889ರ ಫೆಬ್ರವರಿಯಲ್ಲಿ ಅವರು ಬೊಂಬಾಯಿಗೆ ಬಂದಿಳಿದರು. ಮಾರ್ಚ್ 11ರಂದು ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅದು ಮರುವರುಷ ಪುಣೆಗೆ ಹೋಯಿತು. ಸ್ವದೇಶವು ಅವರನ್ನು ಹೂಮಾಲೆಯಿಂದಲೇ ಎದುರುಗೊಳ್ಳಲಿಲ್ಲ. ಕೆಲವು ಹುಡುಗಿಯರ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿದ್ದರಿಂದ 1893ರಲ್ಲಿ ದೊಡ್ಡ ಗದ್ದಲವಾಗಿ, ಪೋಷಕರು ಅನೇಕರನ್ನು ಬಿಡಿಸಿಕೊಂಡು ಹೋದರು. ಆದರೂ ಅವರು ಬಾಗಿಲನ್ನು ಮುಚ್ಚಲಿಲ್ಲ.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಘೋರ ಕ್ಷಾಮವುಂಟಾಯಿತು. ನಮ್ಮ ಹಿರಿಯರು ಧಾತು-ಈಶ್ವರದ ಬರವನ್ನು ಮರೆಯದಿದ್ದಂತೆ, ರಮಾಬಾಯಿಯವರೂ ತಮ್ಮ ಹಸಿವಿನ ದಿನಗಳನ್ನು ಮರೆತಿರಲಿಲ್ಲ. ತಾವೇ ಆ ಸೀಮೆಗೆ ಹೋಗಿ ಸುಮಾರು 300 ಮಂದಿ ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವಿನ ಹೊಲದಲ್ಲಿ ಅವರಿಗಾಗಿ ಮುಕ್ತಿ ಸದನವೆದ್ದಿತು. 1900ರ ಗುಜರಾತಿನ ಬರದಿಂದಲೂ ನೂರಾರು ಮಂದಿ ಬಂದು ಸೇರಿದರು. ಅಲ್ಲಿ ಓದಿನೊಂದಿಗೆ ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಕಲಿಸಿದರು. ಕುರುಡರಿಗೆ ಬೆರಳಿನಿಂದ ಓದುವುದನ್ನು ಕಲಿಸಿದರು.

1921ರಲ್ಲಿ ಮಗಳು ಮನೋರಮಾ ತೀರಿಹೋದಳು. 1922ನೇ ಏಪ್ರಿಲ್ 5ರಂದು ತಾಯಿಯೂ ವಿಶ್ರಾಂತಿಗೆ ಸೇರಿದರು. ಮುಕ್ತಿ ಸದನವು ಇಂದಿಗೂ ನಡೆಯುತ್ತಿದೆ.

ಪ್ರಿಯರೇ, ದೂರದೇಶದಲ್ಲಿ ಕಂಡ ದಯೆಯನ್ನು ರಮಾಬಾಯಿಯವರು ಬರೀ ಕಥೆಯಾಗಿ ಹೇಳಿ ಸುಮ್ಮನಾಗಲಿಲ್ಲ. ಊರಿಗೆ ತಂದು ಅದಕ್ಕೊಂದು ಮನೆ ಕಟ್ಟಿದರು. ನಮ್ಮ ಮಕ್ಕಳಲ್ಲಿಯೂ ಕೆಲವರು ದುಡಿಮೆಗೋ ಓದಿಗೋ ದೂರ ಹೋಗಿ ಬರುತ್ತಾರೆ. ಅವರು ಏನು ತಂದರೆಂದು ಕೇಳುವಾಗ, ನಮ್ಮ ಕೇರಿಯ ದಿಕ್ಕಿಲ್ಲದ ಕೂಸಿಗೆ ಏನು ತಂದರೆಂದೂ ಕೇಳೋಣ.